ಕಲ್ಲು, ಸುಣ್ಣ, ಗಚ್ಚು: ಪದಾರ್ಥಗಳ ಎರಡು ವಿಧದ ಪರಿವರ್ತನೆ

ಈ ಸ್ಮರಣ ಸಂಚಿಕೆಗೆ ಪದಾರ್ಥವಿಜ್ಞಾನದ ಮೇಲೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿನಿಯರು ನಮ್ಮನ್ನು ಕೇಳಿಕೊಂಡಾಗ, ನಮಗೆ ಮೊದಲು ನೆನಪಾದುದು ಯಾವ ಪುಸ್ತಕವೂ ಅಲ್ಲ. ನಾವೇ ಕೆಂಪು ಮಸಿಯಿಂದ ಗೀಟೆಳೆದು ಸೊನ್ನೆ ಹಾಕಿದ್ದ ಒಂದು ಉತ್ತರ. ಎಂಟನೆಯ ತರಗತಿಯ ಪರೀಕ್ಷೆಯಲ್ಲಿ ನಾವು ಹೀಗೆ ಕೇಳಿದ್ದೆವು: "ಗೋಡೆಗೆ ಬಳಿದ ಸುಣ್ಣವು ಒಣಗಿ ಗಟ್ಟಿಯಾಗುವುದು ಯಾವ ವಿಧದ ಪರಿವರ್ತನೆ? ಕಾರಣ ಕೊಡಿರಿ." ನೀರು ಆವಿಯಾಗಿ ಹೋಗುವುದರಿಂದ ಅದು ಭೌತ ಪರಿವರ್ತನೆಯೆಂಬ ಉತ್ತರವನ್ನು ನಾವು ಮನಸ್ಸಿನಲ್ಲಿಟ್ಟುಕೊಂಡಿದ್ದೆವು. ಚಿತ್ತಾಪುರದ ಕಡೆಯ ಒಬ್ಬ ಹುಡುಗಿ ಮಾತ್ರ "ರಾಸಾಯನಿಕ" ಎಂದು ಬರೆದು, ಕಾರಣವನ್ನು ಕೊಡದೆ ಬಿಟ್ಟಿದ್ದಳು.

ಉತ್ತರ ಪತ್ರಿಕೆಗಳನ್ನು ಹಂಚಿದ ಮೇಲೆ ಅವಳು ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದಳು. ಅವಳ ತಂದೆ ಗೌಂಡಿ ಕೆಲಸದವನು. ಏನು ಬೇಕಮ್ಮಾ ಎಂದು ಕೇಳಲು, "ಅಕ್ಕೋರೆ, ಬರೀ ಒಣಗಿದ್ದಾದ್ರ ಮತ್ತ ನೀರು ಹಾಕಿದ್ರ ಅದು ಸುಣ್ಣದ ಹಾಲು ಆಗಬೇಕಲ್ರಿ? ನಮ್ಮಪ್ಪ ಹಳೀ ಸುಣ್ಣ ಕೆರೆದು ಚೆಲ್ತಾನ್ರಿ, ಕಲಸಿ ಮತ್ತ ಹಚ್ಚೂದಿಲ್ರಿ" ಎಂದಳು. ನಮಗೆ ತಟ್ಟನೆ ಉತ್ತರ ತೋಚಲಿಲ್ಲ. ಅನೇಕ ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದ ವಿಷಯದಲ್ಲಿ ತಪ್ಪು ನಮ್ಮದೇ, ಸರಿ ಅವಳದು ಎಂಬುದು ಆ ಸಂಜೆ ಪುಸ್ತಕಗಳನ್ನು ತೆರೆದು ನೋಡಿದಾಗ ಖಚಿತವಾಯಿತು. ಆ ಹುಡುಗಿಯ ಪ್ರಶ್ನೆಗೆ ಸಲ್ಲಬೇಕಾದ ವಿವರವಾದ ಉತ್ತರವನ್ನೇ ಈಗ ಪಾಠವಾಗಿ ಬರೆಯುತ್ತಿದ್ದೇವೆ.

ಪದಾರ್ಥವು ತನ್ನ ಆಕಾರವನ್ನೋ ಗಾತ್ರವನ್ನೋ ಸ್ಥಿತಿಯನ್ನೋ ಬದಲಾಯಿಸಿಕೊಂಡು, ಆದರೂ ಅದೇ ಪದಾರ್ಥವಾಗಿ ಉಳಿದರೆ ಅದು ಭೌತ ಪರಿವರ್ತನೆ. ಹಳೆಯ ಪದಾರ್ಥವು ಹೋಗಿ ಬೇರೆ ಗುಣಗಳುಳ್ಳ ಹೊಸ ಪದಾರ್ಥವು ಹುಟ್ಟಿದರೆ ಅದು ರಾಸಾಯನಿಕ ಪರಿವರ್ತನೆ. ಇಷ್ಟನ್ನು ಎಲ್ಲ ಬಾಲಿಕೆಯರೂ ಬಾಯಿಪಾಠ ಹೇಳುವರು. ಕೂಡಲೇ ಇನ್ನೊಂದು ವಾಕ್ಯವನ್ನೂ ಹೇಳುವರು: "ಭೌತ ಪರಿವರ್ತನೆಯನ್ನು ಹಿಂದಿರುಗಿಸಬಹುದು, ರಾಸಾಯನಿಕವನ್ನು ಹಿಂದಿರುಗಿಸಲಾಗದು." ಈ ಎರಡನೆಯ ವಾಕ್ಯವೇ ಎಲ್ಲ ತೊಂದರೆಗೂ ಮೂಲ. ಇದು ಕೆಲವೆಡೆ ನಿಜವಾಗಿ ಕಾಣುವುದರಿಂದ ಎಲ್ಲೆಡೆಯೂ ನಿಜವೆಂಬ ಭ್ರಮೆ ಹುಟ್ಟುತ್ತದೆ. ಇದು ಎಲ್ಲಿ ಸುಳ್ಳಾಗುವುದೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಕಾಲ ಕೆಳಗಿನ ಕಲ್ಲೇ ಸಾಕು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲದಡಿಯಲ್ಲಿ ಪದರಪದರವಾಗಿ ಹಾಸಿಕೊಂಡಿರುವುದು ಸುಣ್ಣಕಲ್ಲು. ಅತಿ ಪ್ರಾಚೀನ ಕಾಲದಲ್ಲಿ ಕಡಲಿನ ತಳದಲ್ಲಿ ಕೆಸರಾಗಿ ಕೂತು ಗಟ್ಟಿಯಾದ ಕಲ್ಲು ಇದು. ಭೂಗರ್ಭಶಾಸ್ತ್ರಜ್ಞರು ಇದನ್ನು ಭೀಮಾ ನದಿಯ ಹೆಸರಿನಿಂದ ಕರೆಯುವ ಶಿಲಾಸಮೂಹದಲ್ಲಿ ಸೇರಿಸಿದ್ದಾರೆ. ಪದರಗಳು ತೆಳ್ಳಗಿರುವುದರಿಂದ ಕೆಲಸಗಾರರು ಉಳಿ ಹಾರೆಗಳಿಂದ ಇದನ್ನು ಹಲಗೆಗಳಂತೆ ಎಬ್ಬಿಸಬಲ್ಲರು. ಇದೇ ನಾಡಿನಲ್ಲೆಲ್ಲ ಹೆಸರಾದ ಶಹಾಬಾದದ ಫರಸಿ. ನಿಮ್ಮಲ್ಲಿ ಬಹುಮಂದಿ ಹುಟ್ಟಿ ತೆವಳಿ ನಡೆಯಲು ಕಲಿತದ್ದು ಇದರ ಮೇಲೆಯೇ. ಖಣಿಯಲ್ಲಿ ಇದನ್ನು ಸೀಳುತ್ತಾರೆ, ಯಂತ್ರದಿಂದ ಕೊಯ್ಯುತ್ತಾರೆ, ತಿಕ್ಕಿ ಹೊಳಪು ಕೊಡುತ್ತಾರೆ; ಒಡೆದ ಚೂರುಗಳನ್ನು ರಸ್ತೆಗೆ ಹಾಕುತ್ತಾರೆ. ಇವೆಲ್ಲವೂ ಭೌತ ಪರಿವರ್ತನೆಗಳೇ. ಆದರೆ ಒಡೆದು ಪುಡಿಯಾದ ಫರಸಿಯನ್ನು ಮತ್ತೆ ಜೋಡಿಸಿ ಮೊದಲಿನ ಹಲಗೆಯನ್ನು ಮಾಡಬಲ್ಲವರು ಯಾರು? ಯಾರೂ ಇಲ್ಲ. ಹಿಂದಿರುಗದ ಪರಿವರ್ತನೆ, ಆದರೂ ಭೌತ. ಏಕೆಂದರೆ ಆ ಪುಡಿಯ ಒಂದೊಂದು ಕಣವೂ ಸುಣ್ಣಕಲ್ಲಾಗಿಯೇ ಇದೆ. ಒಂದು ಚಿಟಿಕೆಯ ಮೇಲೆ ನಿಂಬೆರಸ ಹಿಂಡಿದರೆ ಹಲಗೆಯ ಮೇಲೆ ಹೇಗೋ ಹಾಗೆಯೇ ಬುರುಬುರು ನೊರೆ ಏಳುವುದು.

ಇದಕ್ಕೆ ನಮ್ಮ ಸೀಮೆಯಲ್ಲಿ ಇನ್ನೂ ಗೌರವದ ಸಾಕ್ಷಿಯುಂಟು. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಸನ್ನತಿಯ ನೆರೆಯಲ್ಲಿರುವ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂತು. ಅಲ್ಲಿ ದೊರೆತ ಕೆತ್ತನೆಯ ಫಲಕಗಳು ಇದೇ ಜಾತಿಯ ಸುಣ್ಣಕಲ್ಲಿನವು. ಒಂದರ ಮೇಲೆ ರಾಜನ ಚಿತ್ರವೂ ಬ್ರಾಹ್ಮೀ ಅಕ್ಷರಗಳಲ್ಲಿ ಅಶೋಕನ ಹೆಸರೂ ಇವೆ. ಸುಮಾರು 2,000 ವರ್ಷಗಳ ಹಿಂದೆ ಶಿಲ್ಪಿಯ ಉಳಿಯು ಆ ಕಲ್ಲಿನ ರೂಪವನ್ನು ಬದಲಾಯಿಸಿತೇ ಹೊರತು ಕಲ್ಲನ್ನು ಬದಲಾಯಿಸಲಿಲ್ಲ. ಅಲ್ಲಿಗೆ ಪ್ರವಾಸ ಹೋಗುವ ಹುಡುಗಿಯರು ಈಗ ಹೇಳಿದ ನಿಂಬೆರಸದ ಪರೀಕ್ಷೆಯನ್ನು ಆ ಫಲಕಗಳ ಮೇಲೆ ಎಂದಿಗೂ ಮಾಡಕೂಡದು. ನೊರೆ ಏಳುತ್ತಿದೆಯೆಂದರೆ ಕಲ್ಲು ಕರಗಿ ಹೋಗುತ್ತಿದೆಯೆಂದೇ ಅರ್ಥ.

ಇನ್ನು ಅದೇ ಕಲ್ಲನ್ನು ಭಟ್ಟಿಗೆ ಹಾಕಿ ನೋಡೋಣ. ಸುಮಾರು 900 ಡಿಗ್ರಿ ಶಾಖದಲ್ಲಿ ಸುಣ್ಣಕಲ್ಲು ಹೊತ್ತು ಉರಿಯುವುದಿಲ್ಲ, ಕರಗಿ ಹರಿಯುವುದೂ ಇಲ್ಲ. ಹೋದಾಗ ಹೇಗಿತ್ತೋ ಹೆಚ್ಚುಕಡಿಮೆ ಅದೇ ಆಕಾರದ ಗಡ್ಡೆಯಾಗಿ ಹೊರಗೆ ಬರುತ್ತದೆ. ಬಣ್ಣ ಬೆಳ್ಳಗಾಗಿರುತ್ತದೆ, ಅಷ್ಟೆ. ಕಣ್ಣಿಗೆ ಇಷ್ಟು ಅಲ್ಪವಾಗಿ ಕಾಣುವ ಈ ವ್ಯತ್ಯಾಸದೊಳಗೆ ದೊಡ್ಡದೊಂದು ಪರಿವರ್ತನೆ ಅಡಗಿದೆಯೆಂದು ತೋರಿಸಿಕೊಡುವುದು ತಕ್ಕಡಿ. 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಪೂರ್ತಿಯಾಗಿ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಮಾತ್ರ ಉಳಿಯುತ್ತದೆ. ಮಿಕ್ಕ 44 ಕಿಲೋ ಎಲ್ಲಿಗೆ ಹೋಯಿತು? ಇಂಗಾಲಾಮ್ಲ ವಾಯುವಾಗಿ, ಅಂದರೆ ಈಗಿನ ಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ವಾಯುವಾಗಿ, ಭಟ್ಟಿಯ ಬಾಯಿಂದ ಹಾರಿ ಹೋಯಿತು. ಕಲ್ಲಿನೊಳಗೆ ಹೀಗೆ ಒಂದು ವಾಯುವು ಬಂಧಿಸಲ್ಪಟ್ಟಿರುವುದನ್ನು ತೂಕ ಮಾಡಿ ತೋರಿಸಿದವನು ಸ್ಕಾಟ್‌ಲೆಂಡಿನ ವೈದ್ಯ ಜೋಸೆಫ್ ಬ್ಲ್ಯಾಕ್. ಅವನ ಪ್ರಯೋಗಗಳು 1756ರಲ್ಲಿ ಅಚ್ಚಾದವು. ಅದಕ್ಕೆ ಮುಂಚೆ, ಸುಟ್ಟ ಸುಣ್ಣದ ತೀಕ್ಷ್ಣತೆಯು ಬೆಂಕಿಯಿಂದ ಅದರೊಳಗೆ ಏನೋ ಸೇರಿಕೊಂಡದ್ದರ ಫಲವೆಂದು ಪಂಡಿತರು ನಂಬಿದ್ದರು. ಬ್ಲ್ಯಾಕನು ಸೇರಿದ್ದೇನೂ ಇಲ್ಲ, ಹೋದದ್ದಿದೆ ಎಂದು ತಕ್ಕಡಿಯನ್ನೇ ಸಾಕ್ಷಿಗೆ ಕರೆದನು.

ಭಟ್ಟಿಯಿಂದ ಬಂದ ಸುಟ್ಟ ಸುಣ್ಣದ ಮೇಲೆ ನೀರು ಬಿದ್ದರೆ ಆಗುವುದನ್ನು ಹಬ್ಬದ ಮುಂಚೆ ಮನೆಗೆ ಸುಣ್ಣ ಬಳಿಯುವ ದಿನ ಎಲ್ಲರೂ ಕಂಡಿರುವಿರಿ. ಸದ್ದು ಮಾಡುತ್ತ ಗಡ್ಡೆ ಬಿರಿಯುತ್ತದೆ, ಹಬೆ ಏಳುತ್ತದೆ, ನೀರು ತಾನಾಗಿ ಕುದಿಯುತ್ತದೆ. ಕೆಳಗೆ ಬೆಂಕಿಯಿಲ್ಲ, ಆದರೂ ಇಷ್ಟು ಶಾಖ ಎಲ್ಲಿಂದ ಬಂತು? ಸುಣ್ಣವೂ ನೀರೂ ಕೂಡಿ ಹೊಸ ಪದಾರ್ಥವಾಗುವಾಗ ಬಿಡುಗಡೆಯಾದ ಶಾಖವದು. ಈ ಕೂಡುವಿಕೆಯನ್ನು ನಮ್ಮ ಜನರು "ಸುಣ್ಣ ಅರಳಿತು" ಎನ್ನುತ್ತಾರೆ. ಇಷ್ಟು ಚೆಲುವಾದ ಮಾತು ಬೇರೆ ಯಾವ ರಸಾಯನ ಪುಸ್ತಕದಲ್ಲಿಯೂ ನಮಗೆ ಸಿಕ್ಕಿಲ್ಲ. ಮೇಲಿನ 56 ಕಿಲೋ ಸುಟ್ಟ ಸುಣ್ಣವು 18 ಕಿಲೋ ನೀರನ್ನು ತನ್ನಲ್ಲಿ ಸೇರಿಸಿಕೊಂಡು 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಹೀಗೆ ಸೇರಿದ ನೀರು ಒದ್ದೆಯಾಗಿ ಉಳಿಯುವುದಿಲ್ಲ. ಪುಡಿ ಒಣಗಿಯೇ ಇರುತ್ತದೆ.

ಇಲ್ಲಿ ಪಾಠವನ್ನು ನಿಲ್ಲಿಸಿ ಒಂದು ಎಚ್ಚರಿಕೆ ಹೇಳದಿದ್ದರೆ ನಮಗೆ ಸಮಾಧಾನವಾಗದು. ಸುಟ್ಟ ಸುಣ್ಣವನ್ನು ಅರಳಿಸುವಲ್ಲಿ ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬಾರದು; ಹನಿ ಸಿಡಿದರೆ ಚರ್ಮ ಸುಡುವುದು. ಕಣ್ಣಿಗೆ ಸಿಡಿದರಂತೂ ದೃಷ್ಟಿಯೇ ಹೋಗಬಹುದು. ತಂಬಾಕಿನ ಜೊತೆ ಮಾರುವ ಸುಣ್ಣದ ಸಣ್ಣ ಪೊಟ್ಟಣಗಳನ್ನು ಮಕ್ಕಳು ಆಟಕ್ಕೆಂದು ಹಿಚುಕಿ, ಅದು ಒಡೆದು ಕಣ್ಣಿಗೆ ಹಾರಿ, ಕುರುಡಾದ ಸಂಗತಿಗಳನ್ನು ಕಣ್ಣಿನ ವೈದ್ಯರು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಬರೆದಿದ್ದಾರೆ. ಹಾಗಾದಾಗ ಕಣ್ಣುಜ್ಜದೆ, ಮನೆಮದ್ದು ಹಾಕದೆ, ಕಾಣುವ ಸುಣ್ಣದ ಚೂರುಗಳನ್ನು ತೆಗೆದು, ರೆಪ್ಪೆ ಬಿಡಿಸಿ, ಶುದ್ಧವಾದ ನೀರನ್ನು ಅರ್ಧ ತಾಸಿನವರೆಗೆ ಎಡೆಬಿಡದೆ ಹರಿಸುತ್ತ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಂಬೆರಸವು ಸುಣ್ಣವನ್ನು ಮುರಿಯುತ್ತದೆಂದು ಶಾಲೆಯಲ್ಲಿ ಕಲಿತ ಜಾಣೆಯೊಬ್ಬಳು ಕಣ್ಣಿಗೆ ಅದನ್ನು ಹಿಂಡಿಯಾಳೆಂಬ ಭಯ ನಮಗುಂಟು. ಕೂಡದು, ನೀರೊಂದೇ ಸರಿ.

ಇನ್ನು ಗೋಡೆಗೆ ಬರೋಣ. ಅರಳಿದ ಸುಣ್ಣವನ್ನು ನೀರಿನಲ್ಲಿ ಕಲಸಿ ಬಳಿದಾಗ ಮೊದಲು ನೀರು ಆರುತ್ತದೆ. ಅಷ್ಟರಮಟ್ಟಿಗೆ ನಮ್ಮ ಹಳೆಯ ಉತ್ತರ ತಪ್ಪಲ್ಲ. ಆದರೆ ಗೋಡೆಯ ಸುಣ್ಣ ಕೈಗೆ ಹತ್ತದಂತೆ ಬಿಗಿಯಾಗುವುದು ಆರುವುದರಿಂದಲ್ಲ. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಅದು ಮೆಲ್ಲಮೆಲ್ಲನೆ ಹೀರಿಕೊಂಡು, ಸೇರಿಸಿಕೊಂಡಿದ್ದ ನೀರನ್ನು ಬಿಟ್ಟುಕೊಟ್ಟು, ಮತ್ತೆ ಸುಣ್ಣಕಲ್ಲಾಗುತ್ತದೆ. 74 ಕಿಲೋ ಅರಳಿದ ಸುಣ್ಣವು 44 ಕಿಲೋ ವಾಯುವನ್ನು ಪಡೆದು 18 ಕಿಲೋ ನೀರನ್ನು ತೊರೆದರೆ ಎಷ್ಟಾಯಿತು? ಲೆಕ್ಕ ಮಾಡಿರಿ. ಸರಿಯಾಗಿ 100 ಕಿಲೋ. ಭಟ್ಟಿಗೆ ಹಾಕಿದ ಕಲ್ಲು ಎಷ್ಟಿತ್ತೋ ಅಷ್ಟೇ! ಶಹಾಬಾದದ ಖಣಿಯಿಂದ ಹೊರಟ ಕಲ್ಲು ಬೆಂಕಿಯನ್ನೂ ನೀರನ್ನೂ ಗಾಳಿಯನ್ನೂ ದಾಟಿ ನಿಮ್ಮ ಗೋಡೆಯ ಮೇಲೆ ಪುನಃ ಕಲ್ಲಾಗಿ ಕೂತಿದೆ. ಮೂರು ರಾಸಾಯನಿಕ ಪರಿವರ್ತನೆಗಳು ಒಂದರ ಹಿಂದೊಂದು ನಡೆದು, ಪದಾರ್ಥವು ಹೊರಟಲ್ಲಿಗೇ ಬಂದು ಸೇರಿತು. "ರಾಸಾಯನಿಕವನ್ನು ಹಿಂದಿರುಗಿಸಲಾಗದು" ಎಂಬ ವಾಕ್ಯದ ಗತಿ ಈಗ ಏನಾಯಿತು?

ನಾವು ಹೀಗೆ ಪುಸ್ತಕದಿಂದ ತಿಳಿದದ್ದನ್ನು ಮರುದಿನ ತರಗತಿಯಲ್ಲಿ ಪರೀಕ್ಷಿಸಿ ನೋಡಿದೆವು. ಅರಿಸಿನವನ್ನು ನೀರಿನಲ್ಲಿ ಕಲಸಿ ಮೂರು ಬಟ್ಟಲುಗಳಲ್ಲಿ ಹಾಕಿಸಿದೆವು. ಒಂದಕ್ಕೆ ಫರಸಿಯ ಪುಡಿ, ಇನ್ನೊಂದಕ್ಕೆ ಹೊಸದಾಗಿ ಅರಳಿಸಿದ ಸುಣ್ಣ, ಮೂರನೆಯದಕ್ಕೆ ಶಾಲೆಯ ಹಿಂದಿನ ಹಳೆಯ ಗೋಡೆಯಿಂದ ಕೆರೆದ ಸುಣ್ಣದ ಹಕ್ಕಳೆ. ಹೊಸ ಸುಣ್ಣ ಬಿದ್ದ ಬಟ್ಟಲು ಒಡನೆಯೇ ಓಕುಳಿಯಂತೆ ಕೆಂಪೇರಿತು. ಉಳಿದೆರಡು ಹಳದಿಯಾಗಿಯೇ ಇದ್ದವು. ಬೇರೆ ಬಟ್ಟಲುಗಳಲ್ಲಿ ಅವೇ ಮೂರರ ಮೇಲೆ ನಿಂಬೆರಸ ಹಿಂಡಿದಾಗ ಫರಸಿಯ ಪುಡಿಯೂ ಹಳೆಯ ಹಕ್ಕಳೆಯೂ ಒಂದೇ ತೆರನಾಗಿ ನೊರೆಯುಕ್ಕಿಸಿದವು. ಹೊಸ ಸುಣ್ಣದಲ್ಲಿ ನೊರೆಯಿಲ್ಲ. ಅಂದರೆ ಗೋಡೆಯ ಹಳೆಯ ಸುಣ್ಣವು ತನ್ನನ್ನು ಬಳಿದ ದಿನದ ಸುಣ್ಣದ ಜಾತಿಯನ್ನು ಬಿಟ್ಟು ಕಲ್ಲಿನ ಜಾತಿಗೆ ಸೇರಿಹೋಗಿದೆಯೆಂದು ನಲವತ್ತು ಹುಡುಗಿಯರು ಕಣ್ಣಾರೆ ಕಂಡರು. ಗೌಂಡಿಯ ಮಗಳ ಅಂಕಗಳನ್ನು ಆ ದಿನವೇ ತಿದ್ದಿದೆವು. ಕಾರಣ ಬರೆಯದಿದ್ದುದಕ್ಕೆ ಅರ್ಧ ಅಂಕವನ್ನು ಮಾತ್ರ ಹಿಡಿದುಕೊಂಡೆವು. ಅದು ನ್ಯಾಯವೆಂದು ಅವಳೇ ಒಪ್ಪಿದಳು.

ಸುಣ್ಣದ ಗಚ್ಚಿನಿಂದ ಕಟ್ಟಿದ ಹಳೆಯ ಕಟ್ಟಡಗಳಲ್ಲಿಯೂ ನಡೆಯುವುದು ಇದೇ. ಆದರೆ ಗಾಳಿಯು ಮೇಲಿನಿಂದ ಒಳಕ್ಕೆ ನಿಧಾನವಾಗಿ ಇಳಿಯಬೇಕಾದುದರಿಂದ, ತೆಳುವಾದ ಬಳಿತಕ್ಕೆ ಕೆಲವು ದಿನ ಸಾಕಾದರೆ ದಪ್ಪನೆಯ ಗೋಡೆಯ ನಡುವಿನ ಗಚ್ಚಿಗೆ ಬಹುಕಾಲ ಹಿಡಿಯುತ್ತದೆ. ಕಲಬುರಗಿಯ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಾ ಮಸೀದಿಯ ಗುಮ್ಮಟಗಳನ್ನು ನೋಡುವಾಗ ಇದನ್ನು ನೆನೆಯಿರಿ.

ಸುಣ್ಣದಿಂದ ಸಿಮೆಂಟಿಗೆ ಹೆಜ್ಜೆ ಚಿಕ್ಕದು. ಜಾನ್ ಸ್ಮೀಟನ್ ಎಂಬ ಇಂಗ್ಲಿಷ್ ಇಂಜಿನಿಯರನು ಕಡಲ ನಡುವೆ ದೀಪಸ್ತಂಭವನ್ನು ಕಟ್ಟುವಾಗ, ಜೇಡಿಮಣ್ಣು ಬೆರೆತ ಸುಣ್ಣಕಲ್ಲನ್ನು ಸುಟ್ಟ ಸುಣ್ಣವು ನೀರೊಳಗೂ ಗಟ್ಟಿಯಾಗುವುದೆಂದು ಕಂಡುಕೊಂಡನು. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ನನು ಪೋರ್ಟ್‌ಲ್ಯಾಂಡ್ ಸಿಮೆಂಟಿನ ಹಕ್ಕುಪತ್ರ ಪಡೆದನು. ನಮ್ಮಲ್ಲಿ ಶಹಾಬಾದದ ಸಿಮೆಂಟು ಕಂಪೆನಿ, 1936ರಲ್ಲಿ ಅನೇಕ ಕಂಪೆನಿಗಳು ಒಂದಾಗಿ ಎ.ಸಿ.ಸಿ. ಆದಾಗ ಅದರೊಳಗೆ ಸೇರಿತು. ವಾಡಿಯ ಕಾರ್ಖಾನೆ 1968ರದು. ಸೇಡಂ ಮತ್ತು ಮಳಖೇಡದ ಕಾರ್ಖಾನೆಗಳು 1980ರ ದಶಕದಲ್ಲಿ ಬಂದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೆ ಈಗ ಸಿಮೆಂಟಿನಿಂದಲೂ ಹೆಸರು.

ಕಾರ್ಖಾನೆಯಲ್ಲಿ ಎರಡೂ ವಿಧದ ಪರಿವರ್ತನೆಗಳು ಸಾಲುಗಟ್ಟಿ ನಡೆಯುತ್ತವೆ. ಕಲ್ಲನ್ನು ಒಡೆಯುವುದು, ನುಣ್ಣಗೆ ಅರೆಯುವುದು, ಬೆರೆಸುವುದು: ಭೌತ. ತಿರುಗುವ ದೊಡ್ಡ ಕೊಳವೆಯ ಭಟ್ಟಿಯಲ್ಲಿ 1,450 ಡಿಗ್ರಿಯವರೆಗೆ ಕಾಯಿಸಿದಾಗ ಸುಣ್ಣವು ಮಣ್ಣಿನ ಅಂಶಗಳೊಡನೆ ಕೂಡಿ ಹೊಸ ಪದಾರ್ಥಗಳು ಹುಟ್ಟುವುದು: ರಾಸಾಯನಿಕ. ಹೊರಬಂದ ಕಪ್ಪು ಬೂದು ಬಣ್ಣದ ಕ್ಲಿಂಕರ್ ಉಂಡೆಗಳನ್ನು ಸ್ವಲ್ಪ ಜಿಪ್ಸಮ್ ಹಾಕಿ ಬೀಸುವುದು: ಮತ್ತೆ ಭೌತ. ಈ ಭಟ್ಟಿಯಲ್ಲಿಯೂ ಕಲ್ಲು ತನ್ನ ವಾಯುವನ್ನು ಕಳೆದುಕೊಳ್ಳುತ್ತದೆ. ಸಿಮೆಂಟು ಉದ್ಯಮದಿಂದ ಗಾಳಿಗೆ ಸೇರುವ ಇಂಗಾಲಾಮ್ಲ ವಾಯುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಉರಿಸಿದ ಕಲ್ಲಿದ್ದಲಿನದಲ್ಲ, ಸುಣ್ಣಕಲ್ಲಿನದೇ. ಆದುದರಿಂದ ಭಟ್ಟಿಯನ್ನು ಸೂರ್ಯನ ಶಾಖದಿಂದಲೇ ಕಾಯಿಸಿದರೂ ಆ ಭಾಗವು ತಪ್ಪುವುದಿಲ್ಲ. ಭೂಮಿಯ ಬಿಸಿ ಏರುತ್ತಿದೆಯೆಂದು ಎಲ್ಲರೂ ಚಿಂತಿಸುವ ಈ ಕಾಲದಲ್ಲಿ, ನಮ್ಮ ಊರಿನ ಕಲ್ಲಿಗೂ ಜಗತ್ತಿನ ಹವೆಗೂ ಇರುವ ಈ ಸಂಬಂಧವನ್ನು ದೊಡ್ಡ ತರಗತಿಯವರು ತಿಳಿದಿರತಕ್ಕದ್ದು.

ಸಿಮೆಂಟಿನ ವಿಷಯದಲ್ಲಿಯೂ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ಪಡಸಾಲೆಗೆ ಸಿಮೆಂಟಿನ ನೆಲ ಹಾಕಿಸಿದೆವು. ಮರುದಿನದಿಂದ ನೀರು ಹೊಡೆಯುತ್ತಿರಬೇಕೆಂದು ಗೌಂಡಿ ಹೇಳಿ ಹೋಗಿದ್ದನು. "ಒಣಗಲೆಂದು ಹಾಕಿದ್ದಕ್ಕೆ ನೀರೇಕೆ? ಇಂಥ ಬಿಸಿಲಿನಲ್ಲಿ ಎರಡೇ ದಿನಕ್ಕೆ ಚೆನ್ನಾಗಿ ಒಣಗುವುದು" ಎಂದು ನಾವು ನೀರನ್ನು ಉಳಿಸಿದೆವು. ಒಣಗಿತೇನೋ ನಿಜ. ಮಳೆಗಾಲ ಬರುವುದರೊಳಗೆ ಜೇಡರ ಬಲೆಯಂತೆ ಬಿರುಕು ಬಿಟ್ಟು, ಕಸ ಗುಡಿಸಿದಾಗಲೆಲ್ಲ ಪುಡಿ ಏಳತೊಡಗಿತು. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ. ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ. ಆ ಕೂಡುವಿಕೆ ವಾರಗಟ್ಟಲೆ ನಡೆಯುವುದು. ನಡುವೆ ನೀರು ಆರಿಹೋದರೆ ಕೆಲಸ ಅರ್ಧಕ್ಕೆ ನಿಂತಂತೆ. ಕನಿಷ್ಠ 7 ದಿನ, ನಮ್ಮಂಥ ಒಣ ಬಿಸಿಲಿನ ಸೀಮೆಯಲ್ಲಿ 10 ದಿನವಾದರೂ ತೇವವನ್ನು ಕಾಯಬೇಕು. ಕಾಂಕ್ರೀಟಿನ ಬಲವನ್ನು ಇಂಜಿನಿಯರರು 28ನೆಯ ದಿನ ಅಳೆಯುತ್ತಾರೆ. ಮನೆ ಕಟ್ಟುವಾಗ ಗೋಡೆಗೆ ನೀರು ಹೊಡೆಯುವ ಕೆಲಸ ಬಹುಧಾ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ. ಅದು ಬೇಸರದ ಕೆಲಸವೆಂದು ತಿಳಿಯಬೇಡಿರಿ. ಒಂದು ರಾಸಾಯನಿಕ ಪರಿವರ್ತನೆಗೆ ನೀವು ಆಹಾರ ಹಾಕುತ್ತಿರುವಿರಿ.

ವಾಡಿಯ ಮಾತು ಬಂದುದರಿಂದ ರೈಲಿನ ಮಾತನ್ನೂ ಹೇಳಬೇಕು. ನಿಜಾಮ ಸರ್ಕಾರದ ರೈಲುದಾರಿ ವಾಡಿಯಿಂದ ಹೈದರಾಬಾದಿನ ಕಡೆಗೆ 1874ರಲ್ಲಿ ತೆರೆಯಿತು. ಬೇಸಗೆಯ ಬಿಸಿಲಿನಲ್ಲಿ ಹಳಿ ಉದ್ದವಾಗುತ್ತದೆ: 13 ಮೀಟರಿನ ಹಳಿಯೊಂದು 30 ಡಿಗ್ರಿ ಹೆಚ್ಚು ಕಾಯ್ದರೆ 5 ಮಿಲಿಮೀಟರಿಗೆ ತುಸು ಕಡಿಮೆ ಬೆಳೆಯುತ್ತದೆ. ತಣ್ಣಗಾದರೆ ಮೊದಲಿನಂತೆಯೇ ಆಗುತ್ತದೆ. ಅದು ಭೌತ. ಮಳೆಗಾಲದಲ್ಲಿ ಅದೇ ಹಳಿಯ ಪಕ್ಕೆಯಲ್ಲಿ ಹತ್ತುವ ತುಕ್ಕು ರಾಸಾಯನಿಕ. ಕಬ್ಬಿಣವು ಗಾಳಿಯ ಆಮ್ಲಜನಕದೊಡನೆಯೂ ನೀರಿನೊಡನೆಯೂ ಕೂಡಿದ್ದರ ಫಲ. ಚಿಂಚೋಳಿಯ ಗುಡ್ಡಗಳ ಕೆಂಪು ಮಣ್ಣಿನಲ್ಲಿಯೂ ಜಂಬಿಟ್ಟಿಗೆ ಕಲ್ಲಿನಲ್ಲಿಯೂ ಇರುವ ಬಣ್ಣ ಇದೇ ತುಕ್ಕಿನ ಕುಲದ್ದು. ಕಪ್ಪು ಕಲ್ಲು ಲಕ್ಷಾಂತರ ವರ್ಷಗಳ ಮಳೆಬಿಸಿಲಿನಲ್ಲಿ ಕೊಳೆತು, ಕರಗುವುದೆಲ್ಲ ತೊಳೆದುಹೋಗಿ, ಕಬ್ಬಿಣದ ಅಂಶ ಹಿಂದುಳಿದು ಹಾಗಾಗಿದೆ.

ಬಣ್ಣ ಬದಲಾದರೆ ರಾಸಾಯನಿಕ, ಗುಳ್ಳೆ ಬಂದರೆ ರಾಸಾಯನಿಕ, ಶಾಖ ಹುಟ್ಟಿದರೆ ರಾಸಾಯನಿಕ ಎಂದು ಗುರುತುಗಳ ಪಟ್ಟಿಯನ್ನು ಉರು ಹೊಡೆಯುವವರೂ ಇದ್ದಾರೆ. ಗುರುತುಗಳು ಒಳ್ಳೆಯವೇ, ಆದರೆ ಅವು ಚಾಡಿಕೋರರಂತೆ, ಕೇಳಿ ವಿಚಾರಿಸದೆ ನಂಬಬಾರದು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಾಗಿ ಹೊಳೆಯುತ್ತದೆ, ಆರಿದರೆ ಮತ್ತೆ ಕಬ್ಬಿಣವೇ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏಳುವ ಗುಳ್ಳೆ, ಒತ್ತಿ ತುಂಬಿದ್ದ ವಾಯು ಹೊರಗೆ ಬಂದದ್ದು ಅಷ್ಟೆ. ಕೇಳಬೇಕಾದ ಪ್ರಶ್ನೆ ಒಂದೇ: ಮೊದಲು ಇದ್ದ ಪದಾರ್ಥ ಯಾವುದು, ಈಗ ಇರುವುದು ಯಾವುದು, ಎರಡೂ ಒಂದೇ ರೀತಿ ವರ್ತಿಸುತ್ತವೆಯೇ? ನೀರು ಹಾಕಿ ನೋಡು, ಹುಳಿ ಹಾಕಿ ನೋಡು, ಅರಿಸಿನ ಹಾಕಿ ನೋಡು, ತೂಗಿ ನೋಡು.

ಈ ಪ್ರಶ್ನೆಯನ್ನು ಹಿಡಿದು ಅಡಿಗೆಮನೆಗೆ ಹೋದರೆ ಅಲ್ಲಿಯೂ ಖಣಿಯ ಕಲ್ಲೇ ಎದುರಾಗುವುದು. ಕಾಗಿಣಾ, ಮುಲ್ಲಾಮಾರಿಗಳ ಸೀಮೆಯಲ್ಲಿ, ಅದರಲ್ಲಿಯೂ ಬೋರುಬಾವಿಗಳಲ್ಲಿ, ನೀರು ಗಡುಸಾಗಿರುವುದನ್ನು ನಿಮ್ಮ ತಾಯಂದಿರು ಬಲ್ಲರು. ಮಳೆಯ ನೀರು ಮಣ್ಣಿನೊಳಗಿನ ಇಂಗಾಲಾಮ್ಲ ವಾಯುವನ್ನು ಕೂಡಿಕೊಂಡು ಇಳಿಯುವಾಗ ಸುಣ್ಣಕಲ್ಲನ್ನು ತುಸುತುಸುವೇ ಕರಗಿಸಿಕೊಳ್ಳುತ್ತದೆ. ಇದು ಸಕ್ಕರೆ ಕರಗಿದಂತಲ್ಲ. ಕಲ್ಲು, ನೀರು, ವಾಯು ಮೂರೂ ಕೂಡಿ ಕರಗತಕ್ಕ ಹೊಸ ಪದಾರ್ಥವಾಗಿದೆ. ಆ ನೀರನ್ನು ಕಾಯಿಸಿದಾಗ ವಾಯು ಹಾರಿಹೋಗಿ, ಕಲ್ಲು ಹಂಡೆಯ ಒಳಮೈಗೆ ಬಿಳಿಯ ಹೊಪ್ಪಳೆಯಾಗಿ ಅಂಟುತ್ತದೆ. ಮತ್ತೊಮ್ಮೆ ಹಿಂದಿರುಗಿದ ರಾಸಾಯನಿಕ ಪರಿವರ್ತನೆ! ಆವಿಯ ಎಂಜಿನ್ನುಗಳು ಓಡುತ್ತಿದ್ದ ಕಾಲದಲ್ಲಿ ರೈಲಿನವರಿಗೆ ಗಡುಸು ನೀರಿನ ಈ ಹೊಪ್ಪಳೆಯೇ ದೊಡ್ಡ ಶತ್ರುವಾಗಿತ್ತು. ಅದು ದಪ್ಪವಾದಷ್ಟೂ ಕಲ್ಲಿದ್ದಲು ಹೆಚ್ಚು ಬೇಕು, ಬಾಯ್ಲರು ಕೆಡುವ ಭಯವೂ ಹೆಚ್ಚು.

ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಂಥ ಬೇಳೆಯೂ ಗಡುಸು ನೀರಿನಲ್ಲಿ ಬೇಗ ಬೇಯುವುದಿಲ್ಲ. ನೀರಿನಲ್ಲಿರುವ ಸುಣ್ಣದ ಅಂಶವು ಬೇಳೆಯ ಕಣಗಳನ್ನು ಅಂಟಿಸಿರುವ ಪದಾರ್ಥದೊಡನೆ ಕೂಡಿ ಅದನ್ನು ಬಿಗಿಗೊಳಿಸುತ್ತದೆ. ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬೇಳೆಯ ಜೀವಸತ್ವದಲ್ಲಿ ಒಂದಷ್ಟು ನಷ್ಟವಾಗುವುದು. ರಾತ್ರಿ ನೆನೆಹಾಕುವುದೇ ಲೇಸು. ತೊಗರಿಯನ್ನು ಒಡೆದು ಬೇಳೆ ಮಾಡುವುದು ಭೌತ, ಬೇಯಿಸುವುದು ರಾಸಾಯನಿಕ. ಜೋಳದ ರೊಟ್ಟಿಯಲ್ಲಿ ಎರಡೂ ಉಂಟು. ಹಂಚಿನ ಮೇಲೆ ಅದು ಉಬ್ಬುವುದು ಒಳಗಿನ ನೀರು ಹಬೆಯಾದದ್ದರಿಂದ. ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು ಪರಿಮಳ ಬರುವುದು ಹೊಸ ಪದಾರ್ಥಗಳು ಹುಟ್ಟಿದ್ದರಿಂದ. ಕುದಿನೀರು ಹಾಕಿ ಹಿಟ್ಟು ನಾದಿದಾಗ ಜಿಗುಟು ಬರುವುದಿದೆಯಲ್ಲ, ಅದು ಯಾವುದು? ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ. ಪಿಷ್ಟವೇನೋ ಪಿಷ್ಟವೇ, ಆದರೆ ಅದರೊಳಗಿನ ಜೋಡಣೆ ಬಿಚ್ಚಿಹೋಗಿದೆ. ಇದನ್ನು ಯಾವ ಪಂಕ್ತಿಯಲ್ಲಿ ಕೂಡಿಸಬೇಕೆಂಬುದರಲ್ಲಿ ಓದಿದವರಲ್ಲಿಯೇ ಏಕಮತವಿಲ್ಲ. ನೀರಿನಲ್ಲಿ ಉಪ್ಪು ಕರಗುವುದೂ ಹಾಗೆಯೇ: ನಮ್ಮ ಪಠ್ಯಪುಸ್ತಕಗಳು ಭೌತವೆನ್ನುತ್ತವೆ, ನೀರು ಆರಿಸಿದರೆ ಉಪ್ಪು ಸಿಗುವುದೂ ಹೌದು, ಆದರೂ ಕರಗಿದ ಉಪ್ಪು ವಿದ್ಯುತ್ತಿನ ಆವೇಶವುಳ್ಳ ಅಯಾನುಗಳಾಗಿ ಬಿಡಿಬಿಡಿಯಾಗುವುದರಿಂದ ಅದನ್ನು ಬರಿಯ ಭೌತವೆನ್ನಲು ಕೆಲವು ರಸಾಯನಜ್ಞರು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಭೌತವೆಂದೇ ಬರೆಯಿರಿ. ಮನಸ್ಸಿನಲ್ಲಿ ಮಾತ್ರ, ಈ ಎರಡು ಪಂಕ್ತಿಗಳ ನಡುವಿನ ಗೀಟನ್ನು ಎಳೆದವರು ಮನುಷ್ಯರೆಂಬುದು ನೆನಪಿರಲಿ.

ಮನೆಯ ನೆಲದ ವಿಷಯ ಒಂದು ಉಳಿದಿದೆ. ಕಲೆ ಹೋಗಲೆಂದು ಫರಸಿಯ ನೆಲಕ್ಕೆ ಆಸಿಡ್ ಸುರಿದು ತಿಕ್ಕುವ ರೂಢಿ ಹಲವು ಮನೆಗಳಲ್ಲಿದೆ. ನೊರೆಯೆದ್ದಾಗ ಕೊಳೆ ಬಿಡುತ್ತಿದೆಯೆಂದು ಸಂತೋಷಪಡುವರು. ಬಿಡುತ್ತಿರುವುದು ಕೊಳೆಯಲ್ಲ, ನೆಲ. ಒಂದೆರಡು ಸಲಕ್ಕೆ ಹೊಳಪು ಹೋಗಿ ತರಿತರಿಯಾಗುತ್ತದೆ. ಅನಂತರ ಕೊಳೆ ಇನ್ನೂ ಬೇಗ ಹಿಡಿಯುತ್ತದೆ. ಸಾಬೂನಿನ ನೀರು ಸಾಕು. ಆಸಿಡ್ಡನ್ನು ಬ್ಲೀಚಿಂಗ್ ಪೌಡರಿನ ಜೊತೆಗಂತೂ ಎಂದಿಗೂ ಬೆರೆಸಕೂಡದು. ಕ್ಲೋರೀನ್ ಎಂಬ ವಿಷವಾಯು ಹುಟ್ಟಿ ಉಸಿರುಕಟ್ಟುವುದು.

ರಜೆಯಲ್ಲಿ ಮಾಡತಕ್ಕ ಕೆಲಸ ಇದು. ಅರಳಿದ ಸುಣ್ಣವನ್ನು ದೊಡ್ಡವರ ಕೈಯಿಂದ ನೀರಿನಲ್ಲಿ ಕದಡಿಸಿ, ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಎರಡು ಗಾಜಿನ ಲೋಟಗಳಿಗೆ ಬಗ್ಗಿಸಿಸಿಕೊಳ್ಳಿರಿ. ಒಂದರ ಬಾಯನ್ನು ಬಿಗಿಯಾಗಿ ಮುಚ್ಚಿ, ಇನ್ನೊಂದನ್ನು ತೆರೆದಿಟ್ಟು, ಮಕ್ಕಳ ಕೈಗೆ ಸಿಗದಲ್ಲಿ ಇಡಿರಿ. ತೆರೆದ ಲೋಟದ ಮೇಲೆ ಕೆನೆಯಂತೆ ಒಂದು ತೆಳು ಪೊರೆ ಕಟ್ಟುವುದು. ಅದನ್ನು ಚಮಚೆಯಿಂದ ತೆಗೆದು, ನೀರಿನಲ್ಲಿ ತೊಳೆದು, ಅರಿಸಿನದಿಂದಲೂ ನಿಂಬೆರಸದಿಂದಲೂ ಪರೀಕ್ಷಿಸಿ, ಅದು ಏನೆಂಬುದನ್ನೂ ಮುಚ್ಚಿದ ಲೋಟದಲ್ಲಿ ಅದು ಏಕೆ ಕಟ್ಟಲಿಲ್ಲವೆಂಬುದನ್ನೂ ಬರೆದು ತನ್ನಿರಿ. ಈ ಸಲ ಕಾರಣಕ್ಕೆ ಪೂರ್ತಿ ಅಂಕಗಳನ್ನು ಇಟ್ಟಿದ್ದೇವೆ.